ಸೀಮೋರ್ ಕ್ರೇ

ಸೀಮೋರ್ ರೋಜರ್ ಕ್ರೇ (28 ಸೆಪ್ಟೆಂಬರ್ 1925 – 5 ಅಕ್ಟೋಬರ್ 1996) ಅಮೆರಿಕದ ವಿದ್ಯುತ್ ಇಂಜಿನಿಯರ್ ಹಾಗೂ ಗಣಕ ವಿನ್ಯಾಸಕಾರ. ಸೂಪರ್ ಕಂಪ್ಯೂಟರಿನ ಪಿತಾಮಹರೆಂದು ಇವರು ಪ್ರಸಿದ್ಧರು. ಗಣಕದ ವೇಗವು ಅದರಲ್ಲಿ ಹುಟ್ಟುವ ಶಾಖವನ್ನು ಹೊರಹಾಕುವ ಸಾಮರ್ಥ್ಯವನ್ನು ಅವಲಂಬಿಸಿದೆ ಎಂಬುದನ್ನು ಅರಿತು, ದ್ರವ ಶೀತಕಗಳನ್ನು ವಿನ್ಯಾಸದ ಅವಿಭಾಜ್ಯ ಅಂಗವನ್ನಾಗಿ ಮಾಡಿದವರಲ್ಲಿ ಇವರು ಪ್ರಮುಖರು.

ಬಾಲ್ಯ ಮತ್ತು ಶಿಕ್ಷಣ

ಕ್ರೇ ಅವರು ವಿಸ್ಕಾನ್ಸಿನ್ ರಾಜ್ಯದ ಚಿಪ್ಪೆವಾ ಫಾಲ್ಸ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ತಂದೆ ಸಿವಿಲ್ ಇಂಜಿನಿಯರ್. ಎರಡನೆಯ ಮಹಾಯುದ್ಧದಲ್ಲಿ ರೇಡಿಯೋ ವಿಭಾಗದಲ್ಲಿ ಸೇವೆ ಸಲ್ಲಿಸಿ, ಫಿಲಿಪೀನ್ಸ್‌ನಲ್ಲಿ ಜಪಾನೀ ಸಂಕೇತಗಳನ್ನು ಭೇದಿಸುವ ಕಾರ್ಯದಲ್ಲಿಯೂ ತೊಡಗಿದ್ದರು. ಯುದ್ಧಾನಂತರ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಇಂಜಿನಿಯರಿಂಗ್ ಪದವಿಯನ್ನೂ 1951ರಲ್ಲಿ ಅನ್ವಯಿಕ ಗಣಿತದಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು.

ವೃತ್ತಿಜೀವನ

ಸೇಂಟ್ ಪಾಲ್ ನಗರದ ಇಂಜಿನಿಯರಿಂಗ್ ರಿಸರ್ಚ್ ಅಸೋಸಿಯೇಟ್ಸ್‌ನಲ್ಲಿ ವೃತ್ತಿ ಆರಂಭಿಸಿದ ಕ್ರೇ, ಬಳಿಕ 1957ರಲ್ಲಿ ಸ್ಥಾಪನೆಯಾದ ಕಂಟ್ರೋಲ್ ಡೇಟಾ ಕಾರ್ಪೊರೇಷನ್ ಸೇರಿದರು. ಅಲ್ಲಿ ಸಣ್ಣ ತಂಡವೊಂದರೊಡನೆ ರೂಪಿಸಿದ ಸಿಡಿಸಿ 6600 ಗಣಕವು 1964ರಲ್ಲಿ ಜಗತ್ತಿನ ಅತ್ಯಂತ ವೇಗದ ಗಣಕವೆನಿಸಿತು. 1969ರಲ್ಲಿ ಸಿಡಿಸಿ 7600 ಬಂದಿತು. 1972ರಲ್ಲಿ ತಮ್ಮದೇ ಆದ ಕ್ರೇ ರಿಸರ್ಚ್ ಸಂಸ್ಥೆಯನ್ನು ಹುಟ್ಟೂರಿನಲ್ಲಿ ಸ್ಥಾಪಿಸಿದರು.

ಶಾಖದ ಸಮಸ್ಯೆ

ವಿದ್ಯುತ್ ಸಂಕೇತವು ಒಂದು ನ್ಯಾನೋಸೆಕೆಂಡಿನಲ್ಲಿ ಹೆಚ್ಚೆಂದರೆ 30 ಸೆಂ.ಮೀ. ದೂರ ಚಲಿಸಬಲ್ಲದು. ಆದುದರಿಂದ ವೇಗ ಹೆಚ್ಚಬೇಕಾದರೆ ತಂತಿಗಳು ಗಿಡ್ಡವಾಗಬೇಕು. ಅದಕ್ಕಾಗಿ ಬಿಡಿಭಾಗಗಳನ್ನು ಒತ್ತೊತ್ತಾಗಿ ಜೋಡಿಸಬೇಕು. ಹಾಗೆ ಜೋಡಿಸಿದಾಗ ಕಿರಿದಾದ ಜಾಗದಲ್ಲಿ ಅಪಾರ ಶಾಖ ಶೇಖರವಾಗುತ್ತದೆ. ಗಾಳಿಯು ಶಾಖವನ್ನು ಸಾಗಿಸುವಲ್ಲಿ ದುರ್ಬಲ. ದ್ರವಗಳು ಅದಕ್ಕಿಂತ ಬಹುಪಾಲು ಸಮರ್ಥ.

ಈ ಕಾರಣದಿಂದ ಸಿಡಿಸಿ 6600ರಲ್ಲಿ ಶೈತ್ಯೀಕರಣ ತಜ್ಞ ಡೀನ್ ರೌಶ್ ಅವರ ನೆರವಿನಿಂದ ಫ್ರಿಯಾನ್ ಹರಿಯುವ ಕೊಳವೆಗಳನ್ನು ಅಳವಡಿಸಲಾಯಿತು. 1976ರ ಕ್ರೇ-1ರಲ್ಲಿ ಮಂಡಲ ಫಲಕಗಳ ನಡುವಿನ ತಾಮ್ರದ ಹಾಳೆಗಳು ಶಾಖವನ್ನು ಅಂಚಿಗೆ ಒಯ್ಯುತ್ತಿದ್ದವು. ಅಲ್ಲಿ ಅಲ್ಯುಮಿನಿಯಂ ಕಂಬಗಳೊಳಗಿನ ಉಕ್ಕಿನ ಕೊಳವೆಗಳಲ್ಲಿ ಹರಿಯುವ ಫ್ರಿಯಾನ್ ಅದನ್ನು ಹೀರುತ್ತಿತ್ತು. ಆದರೆ ಫ್ರಿಯಾನ್‌ನೊಡನೆ ಬೆರೆತಿದ್ದ ಕೀಲೆಣ್ಣೆ ಬೆಸುಗೆಗಳಿಂದ ಸೋರಿ ಫಲಕಗಳನ್ನು ಕೆಡಿಸಿತು. ಹೊಸ ಬೆಸುಗೆ ವಿಧಾನ ಸಿದ್ಧವಾಗುವವರೆಗೆ ಮೊದಲ ಯಂತ್ರವೇ ತಡವಾಯಿತು. ಲಾಸ್ ಅಲಮೋಸ್ ಪ್ರಯೋಗಾಲಯಕ್ಕೆ ಹೋದ ಈ ಯಂತ್ರದ ಆಕಾರ ಇಂಗ್ಲಿಷಿನ 'ಸಿ' ಅಕ್ಷರದಂತಿದ್ದುದಕ್ಕೂ ಒಳಗಿನ ತಂತಿಗಳನ್ನು ಗಿಡ್ಡವಾಗಿಸುವುದೇ ಕಾರಣ.

1985ರ ಕ್ರೇ-2ರಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಎಂಟೆಂಟು ಫಲಕಗಳನ್ನು ಒಂದರ ಮೇಲೊಂದು ಪೇರಿಸಿದ್ದರಿಂದ ನಡುವೆ ತಾಮ್ರದ ಹಾಳೆಗೆ ಜಾಗವೇ ಉಳಿಯಲಿಲ್ಲ. ನೀರು ವಿದ್ಯುತ್ತನ್ನು ಹರಿಯಗೊಡುವುದರಿಂದ ಅದರಲ್ಲಿ ಮುಳುಗಿಸುವಂತಿರಲಿಲ್ಲ. ಆದ್ದರಿಂದ ವಿದ್ಯುತ್ ನಿರೋಧಕವಾದ ಫ್ಲೂರಿನರ್ಟ್ ಎಂಬ ದ್ರವದಲ್ಲಿ ಮಂಡಲಗಳನ್ನೆಲ್ಲ ಮುಳುಗಿಸಿ, ಬಿಸಿಯಾದ ದ್ರವವನ್ನು ತಣ್ಣೀರಿನ ನೆರವಿನಿಂದ ತಂಪುಗೊಳಿಸಿ ಮತ್ತೆ ಹರಿಸಲಾಯಿತು. ದ್ರವ ಕಣ್ಣಿಗೆ ಕಾಣುತ್ತಿದ್ದುದರಿಂದ ಯಂತ್ರಕ್ಕೆ 'ಬಬಲ್ಸ್' ಎಂಬ ಅಡ್ಡಹೆಸರು ಬಂದಿತು. ದುರಸ್ತಿಗೆ ಮೊದಲು ದ್ರವವನ್ನೆಲ್ಲ ಹೊರತೆಗೆಯಬೇಕಾದುದು ಈ ವಿಧಾನದ ತೊಡಕು. ಫ್ರಿಯಾನ್ ಓಜೋನ್ ಪದರಕ್ಕೂ, ಫ್ಲೂರಿನರ್ಟ್ ಜಾತಿಯ ದ್ರವಗಳು ಹವಾಮಾನಕ್ಕೂ ಹಾನಿಕರವೆಂದು ಮುಂದೆ ಮನದಟ್ಟಾಯಿತು.

ಭಾರತ ಮತ್ತು ಬೆಂಗಳೂರು

1980ರ ದಶಕದ ಕೊನೆಯಲ್ಲಿ ಹವಾಮಾನ ಮುನ್ಸೂಚನೆಗಾಗಿ ದೆಹಲಿಗೆ ಕ್ರೇ ಎಕ್ಸ್-ಎಂಪಿ ಗಣಕ ಬಂದಿತು. ಇದರ ವಿನ್ಯಾಸಕಾರರು ಕ್ರೇ ಅಲ್ಲ, ಅವರ ಸಂಸ್ಥೆಯ ಸ್ಟೀವ್ ಚೆನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೂ ಕ್ರೇ ಗಣಕ ಬೇಕೆಂಬ ಭಾರತದ ಬೇಡಿಕೆಗೆ, ಅಣ್ವಸ್ತ್ರ ಹಾಗೂ ಕ್ಷಿಪಣಿ ಕಾರ್ಯಗಳಿಗೆ ಬಳಕೆಯಾದೀತೆಂಬ ಶಂಕೆಯಿಂದ ಅಮೆರಿಕ ಒಪ್ಪಿಗೆ ನೀಡಲಿಲ್ಲ. ಅದೇ ಕಾಲದಲ್ಲಿ ದೇಶೀಯ ಪ್ರಯತ್ನಗಳು ಬಲಗೊಂಡವು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು 1986ರಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕವನ್ನೂ, ಪುಣೆಯ ಸಿ-ಡಾಕ್ 1991ರಲ್ಲಿ ಪರಮ್ 8000 ಗಣಕವನ್ನೂ ರೂಪಿಸಿದವು.

ಕ್ರೇ ಹೆಸರಿನ ಯಂತ್ರ ವಿಜ್ಞಾನ ಸಂಸ್ಥೆಗೆ ಬಂದದ್ದು 2015ರಲ್ಲಿ, ಅವರು ತೀರಿಕೊಂಡು ಸುಮಾರು ಎರಡು ದಶಕಗಳ ನಂತರ. ರಾಜಾಜಿನಗರಕ್ಕೆ ಸಮೀಪದ ಆ ಆವರಣದಲ್ಲಿ ಸ್ಥಾಪಿತವಾದ 'ಸಹಸ್ರಟಿ' ಎಂಬ ಕ್ರೇ ಎಕ್ಸ್‌ಸಿ40 ಗಣಕದಲ್ಲಿ ಕಪಾಟುಗಳ ಮೂಲಕ ಅಡ್ಡಲಾಗಿ ಬೀಸುವ ಗಾಳಿಯ ಶಾಖವನ್ನು ನೀರು ಹರಿಯುವ ಸುರುಳಿಗಳು ಹೀರುತ್ತಿದ್ದವು.

ಕೊನೆಯ ದಿನಗಳು

1989ರಲ್ಲಿ ಕ್ರೇ ಅವರು ಕ್ರೇ-3 ಯೋಜನೆಯೊಡನೆ ಬೇರ್ಪಟ್ಟು ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ ಕ್ರೇ ಕಂಪ್ಯೂಟರ್ ಕಾರ್ಪೊರೇಷನ್ ನಡೆಸಿದರು. ಗ್ಯಾಲಿಯಂ ಆರ್ಸೆನೈಡ್ ಚಿಪ್‌ಗಳನ್ನು ಬಳಸಿದ ಆ ಯಂತ್ರಕ್ಕೆ ಕೊಳ್ಳುವವರು ಸಿಗಲಿಲ್ಲ. 1995ರಲ್ಲಿ ಸಂಸ್ಥೆ ದಿವಾಳಿಯಾಯಿತು. ಎಪ್ಪತ್ತರ ವಯಸ್ಸಿನಲ್ಲಿಯೂ ಎದೆಗುಂದದೆ ಮತ್ತೊಂದು ಸಂಸ್ಥೆಯನ್ನು ಆರಂಭಿಸಿದರು. 1996ರ ಸೆಪ್ಟೆಂಬರ್ 22ರಂದು ರಸ್ತೆ ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡು, ಎರಡು ವಾರಗಳ ಬಳಿಕ 71ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಸ್ಮರಣಾರ್ಥ ಐಇಇಇ ಕಂಪ್ಯೂಟರ್ ಸೊಸೈಟಿಯು ಸೀಮೋರ್ ಕ್ರೇ ಪ್ರಶಸ್ತಿಯನ್ನು ನೀಡುತ್ತಿದೆ.