ಒಂದು ಅಂಕದ ಕಮಲಾದೇವಿ

ಧಾರವಾಡದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮಂಥವರ ನೋಟ್ಸಿನಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯ ಅಂದರೆ ಒಂದೂವರೆ ಸಾಲು. ಹುಟ್ಟಿದ್ದು 1903, ಮಂಗಳೂರು. 1926ರಲ್ಲಿ ಮದ್ರಾಸ್ ಶಾಸನಸಭೆಗೆ ಸ್ಪರ್ಧೆ. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ. ನಾಲ್ಕು ಆಯ್ಕೆಗಳಲ್ಲಿ ಒಂದಕ್ಕೆ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋಗುವಷ್ಟು ಪರಿಚಯ. ನಾನೂ ಮೂರು ವರ್ಷ ಹಾಗೇ ಮುಂದೆ ಹೋದವಳು.

ಹೋದ ವರ್ಷ ಅವ್ವ ತೀರಿಕೊಂಡಳು. ಅವಳ ಟ್ರಂಕಿನ ತಳದಲ್ಲಿ ಹಳೆಯ ಧೋತರದಲ್ಲಿ ಸುತ್ತಿಟ್ಟ ಒಂದು ಇಳಕಲ್ ಸೀರೆ ಇತ್ತು. ಅವಳ ಮದುವೆಗೆ ಅವಳ ಅವ್ವ ಕೊಟ್ಟದ್ದು. ಬಂಗಾರವೆಲ್ಲ ಮನೆ ಕಟ್ಟುವಾಗ, ಅಣ್ಣನ ಡಿಪ್ಲೊಮಾ ಫೀಸು ಕಟ್ಟುವಾಗ ಒಂದೊಂದೇ ಹೋಗಿದ್ದವು. ಸೀರೆಯನ್ನು ಯಾರೂ ಒತ್ತೆ ಇಟ್ಟುಕೊಳ್ಳುವುದಿಲ್ಲವಲ್ಲ, ಹಾಗಾಗಿ ಉಳಿದಿತ್ತು. ಅದನ್ನು ನಾನು ಧಾರವಾಡಕ್ಕೆ ತಂದೆ. ಅದೇ ವಾರ ಪ್ರಬಂಧದ ಪೇಪರಿಗೆಂದು ಕೈಮಗ್ಗದ ಬಗ್ಗೆ ಓದಲು ಲೈಬ್ರರಿಗೆ ಹೋದಾಗ, ಒಂದೂವರೆ ಸಾಲಿನ ಕಮಲಾದೇವಿ ಇಡೀ ಜೀವನವಾಗಿ ಸಿಕ್ಕಿದರು.

ಅವರಿಗೆ ಏಳು ವರ್ಷವಾದಾಗ ತಂದೆ ಅನಂತಯ್ಯ ಧಾರೇಶ್ವರ ತೀರಿಕೊಂಡರು. ಸರ್ಕಾರಿ ಅಧಿಕಾರಿ, ಅನುಕೂಲಸ್ಥ ಮನೆತನ. ಆದರೆ ಉಯಿಲು ಬರೆದಿಟ್ಟಿರಲಿಲ್ಲ. ಆಗಿನ ಕಾನೂನಿನ ಪ್ರಕಾರ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನಿಗೆ ಹೋಯಿತು. ತಾಯಿ ಗಿರಿಜಾಬಾಯಿಗೆ ತಿಂಗಳಿಗಿಷ್ಟು ಎಂದು ಮಾಸಾಶನ ಗೊತ್ತಾಯಿತು. ಆ ತಾಯಿ ಮಾಸಾಶನ ಬೇಡವೆಂದರು. ತವರಿನಿಂದ ತನಗೆ ಬಂದದ್ದರಲ್ಲೇ ಮಕ್ಕಳನ್ನು ಸಾಕಲು ನಿಂತರು. ಈ ಭಾಗವನ್ನು ನಾನು ಎರಡು ಸಲ ಓದಿದೆ. ನಮ್ಮ ಪಠ್ಯದಲ್ಲಿ ಇದು ಯಾಕೆ ಬರುವುದಿಲ್ಲವೋ!

ಕಷ್ಟ ಅಷ್ಟಕ್ಕೇ ಮುಗಿಯಲಿಲ್ಲ. ಬಹಳ ಹಚ್ಚಿಕೊಂಡಿದ್ದ ಅಕ್ಕ ಸಗುಣಾ ಚಿಕ್ಕ ವಯಸ್ಸಿನಲ್ಲೇ ತೀರಿಹೋದರು. ಕಮಲಾದೇವಿಗೆ 1917ರಲ್ಲಿ, ಹದಿನಾಲ್ಕನೇ ವಯಸ್ಸಿಗೆ ಮದುವೆಯಾಯಿತು. ಎರಡು ವರ್ಷದಲ್ಲಿ ಗಂಡ ಇಲ್ಲವಾದರು. ಆ ಕಾಲದಲ್ಲಿ ಬಾಲವಿಧವೆಯ ಮುಂದಿನ ಬದುಕು ಹೇಗಿರುತ್ತಿತ್ತು ಎಂದು ಬರೆಯಬೇಕಿಲ್ಲ. ಅವರು ಮಾತ್ರ ಓದಲು ಮದ್ರಾಸಿನ ಕ್ವೀನ್ ಮೇರಿಸ್ ಕಾಲೇಜಿಗೆ ಹೋದರು. ಅಲ್ಲಿದ್ದಾಗ ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹರೀಂದ್ರನಾಥರನ್ನು ಮದುವೆಯಾದರು. ವಿಧವೆಯ ಮರುಮದುವೆ, ಅದರಲ್ಲೂ ಬೇರೆ ಭಾಷೆಯವನ ಜೊತೆ; ಸಂಪ್ರದಾಯಸ್ಥರು ಸುಮ್ಮನಿರಲಿಲ್ಲ. ಒಬ್ಬ ಮಗ ಹುಟ್ಟಿದ. ಮುಂದೆ ಆ ಸಂಬಂಧವೂ ಬಿಡುಗಡೆಯಲ್ಲಿ ಮುಗಿಯಿತು.

ರಾಜಕೀಯದ ಕಥೆ ನಮಗೆ ಸ್ವಲ್ಪ ಗೊತ್ತು. 1926ರ ಚುನಾವಣೆಯಲ್ಲಿ ಕೆಲವೇ ಮತಗಳಿಂದ ಸೋತರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಮುಂಬೈಯ ಚೌಪಾಟಿಯಲ್ಲಿ ಉಪ್ಪು ಮಾಡಿ, ಪೊಟ್ಟಣ ಕಟ್ಟಿ, ಷೇರುಪೇಟೆಯವರೆಗೂ ಹೋಗಿ ಮಾರಿದರು. ಜೈಲಿಗೂ ಹೋದರು. ಆ ಉಪ್ಪಿನ ಪೊಟ್ಟಣವೇ ನನ್ನ ಮನಸ್ಸಿನಲ್ಲಿ ನಿಂತಿದೆ. ಸ್ವದೇಶಿ ಎಂದು ಭಾಷಣ ಮಾಡುವುದು ಬೇರೆ, ಕೈಯಲ್ಲಿ ಸರಕು ಹಿಡಿದು ಕೊಳ್ಳುವವನ ಮುಂದೆ ನಿಲ್ಲುವುದು ಬೇರೆ. ಈ ಎರಡನೆಯ ಕೆಲಸವನ್ನು ಅವರು ಆಮೇಲೆ ಬಿಡಲೇ ಇಲ್ಲ.

ದೇಶ ಒಡೆದಾಗ ವಾಯವ್ಯ ಗಡಿನಾಡಿನಿಂದ ಮನೆ, ಹೊಲ, ಅಂಗಡಿ ಎಲ್ಲ ಬಿಟ್ಟು ಜನ ದೆಹಲಿಯ ಕಡೆಗೆ ಬಂದರು. 1948ರಲ್ಲಿ ಕಮಲಾದೇವಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಕಟ್ಟಿ, ನಿರಾಶ್ರಿತರು ಸಹಕಾರ ಸಂಘಗಳ ಮೂಲಕ ತಾವೇ ದುಡಿದು ಊರು ಕಟ್ಟಿಕೊಳ್ಳಲಿ ಎಂದು ಓಡಾಡಿದರು. ಫರೀದಾಬಾದಿನ ಹೊಸ ಊರು ಎದ್ದದ್ದರ ಹಿಂದೆ ಆ ದುಡಿಮೆ ಇದೆ. ತಂದೆಯ ಆಸ್ತಿ ಕೈಬಿಟ್ಟ ಮನೆಯಲ್ಲಿ ಬೆಳೆದವರು ಅವರು. ಎಲ್ಲ ಕಳೆದುಕೊಂಡವರ ಬಳಿ ಇನ್ನೂ ಏನು ಉಳಿದಿರುತ್ತದೆ ಎಂಬುದು ಅವರಿಗೆ ಬೇಗ ಕಂಡಿರಬೇಕು ಎಂದು ನನಗನ್ನಿಸುತ್ತದೆ.

1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಶುರುವಾದಾಗ ಅದರ ನೇತೃತ್ವ ಅವರಿಗೆ ಬಂತು. ನೇಕಾರ, ಕುಂಬಾರ, ಬಣ್ಣ ಹಾಕುವವರು, ಬುಟ್ಟಿ ಹೆಣೆಯುವವರು, ಇವರನ್ನು ಹುಡುಕಿಕೊಂಡು ದೇಶವೆಲ್ಲ ಸುತ್ತಿದರು. ಕುಶಲಕರ್ಮಿಗೆ ಅಪ್ಪ ಅವ್ವ ಬಿಟ್ಟುಹೋಗುವ ಆಸ್ತಿ ಅಂದರೆ ಕೈಯ ಕೆಲಸ. ಹೊಲದ ಪಹಣಿಯಾದರೂ ಸುಮ್ಮನೆ ಬಿದ್ದಿರುತ್ತದೆ, ಕೈಕೆಲಸ ಹಾಗಲ್ಲ. ಒಂದು ತಲೆಮಾರು ಮಾಡದಿದ್ದರೆ ಮುಗಿಯಿತು. ಮಾಡಬೇಕಾದರೆ ಕೊಳ್ಳುವವರು ಬೇಕು. ಅದಕ್ಕೇ ಅವರು ಬರೀ ಪ್ರಶಸ್ತಿ, ಪ್ರದರ್ಶನಗಳಿಗೆ ನಿಲ್ಲಲಿಲ್ಲ. ದೆಹಲಿಯ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂನ್ನು ಅವರ ಸಹಕಾರ ಯೂನಿಯನ್ ವಹಿಸಿಕೊಂಡು ಬೆಳೆಸಿತು. ಅದು ವ್ಯಾಪಾರದ ಅಂಗಡಿಯೇ, ಧರ್ಮಛತ್ರವಲ್ಲ. 1964ರಲ್ಲಿ ಕ್ರಾಫ್ಟ್ಸ್ ಕೌನ್ಸಿಲ್ ಆಫ್ ಇಂಡಿಯಾ ಹುಟ್ಟಿದ್ದೂ ಅವರಿಂದ. 1987ರಲ್ಲಿ ಪದ್ಮವಿಭೂಷಣ, ಮರುವರ್ಷ ಅಕ್ಟೋಬರ್‌ನಲ್ಲಿ ತೀರಿಕೊಂಡರು.

ಒಂದು ತಕರಾರು ನನಗಿದೆ. ಇವತ್ತು ಇಂಥ ಅಂಗಡಿಗಳ ಗಾಜಿನ ಬಾಗಿಲು ತಳ್ಳಿ ಒಳಗೆ ಹೋಗಲು ನನ್ನಂಥವಳಿಗೆ ಧೈರ್ಯ ಬರುವುದಿಲ್ಲ. ಬೆಲೆಯ ಚೀಟಿ ನೋಡಿ ಮೆಲ್ಲಗೆ ಹಿಂದೆ ಸರಿಯುತ್ತೇವೆ. ಕೈಯಲ್ಲಿ ಮಾಡಿದ್ದು ದುಡ್ಡಿದ್ದವರ ಶೋಕಿಯಾದರೆ ಕಮಲಾದೇವಿ ಅಷ್ಟು ಅಲೆದದ್ದು ಯಾಕೆ?

ಈ ತಕರಾರು ಮನೆಯಲ್ಲೇ ಎದುರಾಯಿತು. ಅವ್ವ ಹೋದ ವರ್ಷದೊಳಗೇ ತಂಗಿಯ ಮದುವೆ ಮಾಡಬೇಕಾಯಿತು. ಆಹೇರಿಗೆ ಹದಿನಾಲ್ಕು ಸೀರೆ ಬೇಕು. ಇಳಕಲ್ ಡಿಸೈನಿನ ಪಾಲಿಯೆಸ್ಟರ್ ಸೀರೆ ಮುನ್ನೂರೈವತ್ತಕ್ಕೆ ಸಿಗುತ್ತದೆ ಎಂದು ಅಣ್ಣ ಲೆಕ್ಕ ಹಾಕಿದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದೂ ನಮ್ಮ ದೇಶದಲ್ಲೇ ತಯಾರಾದದ್ದು, ಅದನ್ನು ಮಾಡುವವರಿಗೂ ಹೊಟ್ಟೆ ಇದೆ. ಹದಿನಾಲ್ಕೂ ಮಗ್ಗದ್ದೇ ತರುವ ಶಕ್ತಿ ನಮಗಿರಲಿಲ್ಲ. ಆದರೂ ನನಗೆ ಸಿಟ್ಟು ಬಂತು, ಎರಡು ದಿನ ಅವನ ಜೊತೆ ಮಾತು ಬಿಟ್ಟೆ.

ಕೊನೆಗೆ ಹದಿಮೂರು ಅವನು ತಂದ. ಒಂದು ನಾನು ತರುತ್ತೇನೆಂದೆ. ಟ್ಯೂಷನ್ ಹೇಳಿ ಕೂಡಿಸಿದ ದುಡ್ಡು ಹಿಡಿದುಕೊಂಡು, ಅವ್ವನ ಸೀರೆಯನ್ನೂ ಚೀಲದಲ್ಲಿಟ್ಟುಕೊಂಡು ಇಳಕಲ್‌ಗೆ ಹೋದೆ. ನೇಕಾರರ ಮನೆಯ ಅಜ್ಜ ಮೊದಲು ಅವ್ವನ ಸೀರೆಯನ್ನೇ ಇಸಿದುಕೊಂಡು ಹಿಂಬದಿ ತಿರುವಿದರು. ಒಡಲಿನ ಹಾಸು ಸೆರಗಿನ ಹಾಸನ್ನು ಸೇರುವ ಜಾಗದಲ್ಲಿ ಕೊಂಡಿ ಹಾಕಿದ್ದನ್ನು ಬೆರಳಿಂದ ಮುಟ್ಟಿ ತೋರಿಸಿದರು. ಮಗ್ಗದ ಮೇಲಿನ ಹೊಸ ಸೀರೆಯಲ್ಲೂ ಅದೇ ಜಾಗ, ಅದೇ ಕೊಂಡಿ. ಮಗ ಈ ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿದ್ದಾನೆ ಎಂದರು. ನಾನು ಏನೂ ಹೇಳಲಿಲ್ಲ. ನಾನೂ ಅಲ್ಲಿಗೇ ಹೋಗಲು ಓದುತ್ತಿರುವವಳು.

ಬೆಲೆಯಲ್ಲಿ ಚೌಕಾಸಿ ಮಾಡಲಿಲ್ಲ. ಮದುವೆಯ ದಿನ ಆ ಸೀರೆಯನ್ನು ವೈನಿಗೆ ಉಡಿಸಿದೆವು. ಮಾರನೆಯ ದಿನ ಅವರು ಅದನ್ನು ಮಡಚಿ, ತಮ್ಮ ಬೀರುವಿನಲ್ಲಿ ಇಡದೆ, ಅವ್ವನ ಟ್ರಂಕಿನಲ್ಲಿ ಇಟ್ಟರು.