ಪ್ರೊ. ಸತೀಶ್ ಧವನ್: ಹಿಮ, ಬೆಟ್ಟ, ಬಯಲುಗಳನ್ನು ಅಂತರಿಕ್ಷದಿಂದ ಅವಲೋಕಿಸುವ ಸೇವೆಯ ರೂವಾರಿ

ಜನನ: 25 ಸೆಪ್ಟೆಂಬರ್ 1920, ಶ್ರೀನಗರ
ನಿಧನ: 3 ಜನವರಿ 2002, ಬೆಂಗಳೂರು
ನಿರ್ವಹಿಸಿದ ಪ್ರಮುಖ ಹುದ್ದೆಗಳು: ನಿರ್ದೇಶಕರು, ಭಾರತೀಯ ವಿಜ್ಞಾನ ಸಂಸ್ಥೆ, ಬೆಂಗಳೂರು, ಅಧ್ಯಕ್ಷರು, ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ (ಇಸ್ರೋ)

ಪೀಠಿಕೆ

ಬರ, ನೆರೆ, ಬೆಳೆ ಹಾನಿ ಮೊದಲಾದ ಸಂದರ್ಭಗಳಲ್ಲಿ ಪರಿಹಾರ ಕೋರಿ ಅರ್ಜಿ ಸಲ್ಲಿಸುವ ನಾಗರಿಕರು ಉಪಗ್ರಹ ಚಿತ್ರ ಎಂಬ ಮಾತನ್ನು ಕೇಳಿರುತ್ತಾರೆ. ಭೂಮಿಯಿಂದ ನೂರಾರು ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹವು ತೆಗೆದ ಚಿತ್ರವು ಹಳ್ಳಿಯ ಹೊಲದ ಸ್ಥಿತಿಯನ್ನೂ ಹಿಮಾಲಯದ ಹಿಮನದಿಯ ಸ್ಥಿತಿಯನ್ನೂ ಒಂದೇ ರೀತಿಯಲ್ಲಿ ದಾಖಲಿಸುತ್ತದೆ. ಈ ವ್ಯವಸ್ಥೆಗೆ ದೇಶದಲ್ಲಿ ಭದ್ರವಾದ ಅಡಿಪಾಯ ಹಾಕಿದವರಲ್ಲಿ ಪ್ರೊ. ಸತೀಶ್ ಧವನ್ ಅವರು ಪ್ರಮುಖರು. ಹಿಮದ ನಾಡಿನಲ್ಲಿ ಜನಿಸಿದ ಅವರು ತಮ್ಮ ಬದುಕಿನ ಸುಮಾರು ಐವತ್ತು ವರ್ಷಗಳನ್ನು ಕರ್ನಾಟಕದಲ್ಲಿಯೇ ಕಳೆದರು.

ವಿದ್ಯಾಭ್ಯಾಸ

ಧವನ್ ಅವರ ವಿದ್ಯಾಭ್ಯಾಸದ ಹಾದಿ ಸಾಮಾನ್ಯವಾದುದಲ್ಲ. ಲಾಹೋರಿನ ಪಂಜಾಬ್ ವಿಶ್ವವಿದ್ಯಾನಿಲಯದಲ್ಲಿ ಅವರು ಗಣಿತ ಮತ್ತು ಭೌತಶಾಸ್ತ್ರದಲ್ಲಿ ಪದವಿ, ಇಂಗ್ಲಿಷ್ ಸಾಹಿತ್ಯದಲ್ಲಿ ಸ್ನಾತಕೋತ್ತರ ಪದವಿ ಹಾಗೂ 1945ರಲ್ಲಿ ಯಂತ್ರಶಾಸ್ತ್ರ ಇಂಜಿನಿಯರಿಂಗ್ ಪದವಿ ಪಡೆದರು. ಅನಂತರ ಅಮೆರಿಕಕ್ಕೆ ತೆರಳಿ, ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ 1947ರಲ್ಲಿ ವಿಮಾನಶಾಸ್ತ್ರದ ಸ್ನಾತಕೋತ್ತರ ಪದವಿಯನ್ನು, ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯಲ್ಲಿ ಪ್ರೊ. ಹ್ಯಾನ್ಸ್ ಲೀಪ್‌ಮನ್ ಅವರ ಮಾರ್ಗದರ್ಶನದಲ್ಲಿ 1951ರಲ್ಲಿ ಡಾಕ್ಟರೇಟ್ ಪದವಿಯನ್ನು ಗಳಿಸಿದರು.

ಬೆಂಗಳೂರಿನಲ್ಲಿ ಸೇವೆ

1951ರಲ್ಲಿ ಸ್ವದೇಶಕ್ಕೆ ಮರಳಿದ ಧವನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. 1955ರಲ್ಲಿ ವಿಮಾನಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ದೇಶದ ಮೊದಲ ಶಬ್ದಾತೀತ ಗಾಳಿ ಸುರಂಗವು ಅವರ ನೇತೃತ್ವದಲ್ಲಿ ಅಲ್ಲಿ ನಿರ್ಮಾಣವಾಯಿತು. ಅದು ಗಾತ್ರದಲ್ಲಿ ಬಹಳ ಚಿಕ್ಕದು. ಇದ್ದ ಸೌಲಭ್ಯದಲ್ಲಿಯೇ ಕೆಲಸ ಆರಂಭಿಸಿ, ಅನುಭವ ಗಳಿಸಿ, ಆನಂತರ ದೊಡ್ಡದನ್ನು ಕಟ್ಟಬೇಕೆಂಬುದು ಅವರ ಕಾರ್ಯವಿಧಾನವಾಗಿತ್ತು. 1962ರಲ್ಲಿ ಸಂಸ್ಥೆಯ ನಿರ್ದೇಶಕರಾಗಿ ನೇಮಕಗೊಂಡು 1981ರವರೆಗೆ ಆ ಹುದ್ದೆಯಲ್ಲಿ ಮುಂದುವರಿದರು.

ಬಾಹ್ಯಾಕಾಶ ಕಾರ್ಯಕ್ರಮದ ಹೊಣೆ

1971ರ ಡಿಸೆಂಬರ್ 30ರಂದು ಡಾ. ವಿಕ್ರಮ್ ಸಾರಾಭಾಯ್ ಅವರು ಹಠಾತ್ತನೆ ನಿಧನರಾದರು. ಆಗ ಧವನ್ ಅವರು ರಜೆಯ ಮೇಲೆ ಅಮೆರಿಕದಲ್ಲಿದ್ದರು. ಪ್ರಧಾನಮಂತ್ರಿ ಶ್ರೀಮತಿ ಇಂದಿರಾ ಗಾಂಧಿಯವರು ಬಾಹ್ಯಾಕಾಶ ಕಾರ್ಯಕ್ರಮದ ಹೊಣೆ ವಹಿಸಿಕೊಳ್ಳುವಂತೆ ಅವರನ್ನು ಕೋರಿದರು. ವಿಜ್ಞಾನ ಸಂಸ್ಥೆಯ ನಿರ್ದೇಶಕ ಹುದ್ದೆಯಲ್ಲಿ ತಾವು ಮುಂದುವರಿಯಬೇಕು, ಬಾಹ್ಯಾಕಾಶ ಸಂಸ್ಥೆಯ ಕೇಂದ್ರ ಕಛೇರಿಯು ಬೆಂಗಳೂರಿನಲ್ಲಿರಬೇಕು ಎಂಬ ಎರಡು ಷರತ್ತುಗಳ ಮೇಲೆ ಅವರು ಒಪ್ಪಿದರು. 1972ರಿಂದ 1984ರವರೆಗೆ ಈ ಹೊಣೆಯನ್ನು ನಿರ್ವಹಿಸಿದರು. ಬೆಂಗಳೂರು ದೇಶದ ಬಾಹ್ಯಾಕಾಶ ಚಟುವಟಿಕೆಗಳ ಕೇಂದ್ರವಾದುದಕ್ಕೆ ಈ ಷರತ್ತೂ ಒಂದು ಕಾರಣ.

ಪೀಣ್ಯದ ಶೆಡ್ಡುಗಳಲ್ಲಿ ಪ್ರೊ. ಯು.ಆರ್. ರಾವ್ ಅವರ ತಂಡವು ನಿರ್ಮಿಸಿದ ಆರ್ಯಭಟ ಉಪಗ್ರಹವು 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದಿಂದ ಉಡಾವಣೆಗೊಂಡಿತು. ಅದೇ ವರ್ಷದ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಸೈಟ್ ಎಂಬ ಉಪಗ್ರಹ ದೂರದರ್ಶನ ಪ್ರಯೋಗ ನಡೆಯಿತು. ಡಾ. ಸಾರಾಭಾಯ್ ಅವರು ರೂಪಿಸಿದ್ದ ಈ ಯೋಜನೆಯನ್ನು ಕಾರ್ಯಗತಗೊಳಿಸಿದ್ದು ಧವನ್ ಅವರ ಅವಧಿಯಲ್ಲಿ. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ತಂತಿಬಲೆಯ ಆಂಟೆನಾಗಳನ್ನು ನಿಲ್ಲಿಸಿ, ಅಮೆರಿಕದ ಉಪಗ್ರಹದಿಂದ ಕೃಷಿ, ಆರೋಗ್ಯ, ಶಿಕ್ಷಣ ಕಾರ್ಯಕ್ರಮಗಳನ್ನು ನೇರವಾಗಿ ತೋರಿಸಲಾಯಿತು. ಕರ್ನಾಟಕದಲ್ಲಿ ಇದಕ್ಕೆ ಆಯ್ಕೆಯಾದವು ರಾಯಚೂರು, ಗುಲ್ಬರ್ಗಾ ಮತ್ತು ಬಿಜಾಪುರ ಜಿಲ್ಲೆಗಳು. ಹೀಗೆ ಹಿಂದುಳಿದ ಪ್ರದೇಶವೆಂದು ಹೆಸರಾದ ರಾಯಚೂರು ಜಿಲ್ಲೆಯ ಹಳ್ಳಿಗಳು ಉಪಗ್ರಹದ ಸೇವೆಯನ್ನು ಅನೇಕ ನಗರಗಳಿಗಿಂತ ಮೊದಲೇ ಕಂಡವು.

ಸೋಲಿನ ಹೊಣೆ, ಗೆಲುವಿನ ಹಂಚಿಕೆ

1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ಮೊದಲ ಎಸ್‌ಎಲ್‌ವಿ-3 ರಾಕೆಟ್ ವಿಫಲವಾಗಿ ಬಂಗಾಳ ಕೊಲ್ಲಿಗೆ ಬಿದ್ದಿತು. ಯೋಜನೆಯ ನಿರ್ದೇಶಕರು ಡಾ. ಎ.ಪಿ.ಜೆ. ಅಬ್ದುಲ್ ಕಲಾಂ. ಆದರೆ ಪತ್ರಕರ್ತರ ಮುಂದೆ ನಿಂತು ವೈಫಲ್ಯದ ಹೊಣೆಯನ್ನು ಹೊತ್ತವರು ಅಧ್ಯಕ್ಷರಾದ ಧವನ್. 1980ರ ಜುಲೈ 18ರಂದು ಅದೇ ಮಾದರಿಯ ರಾಕೆಟ್ ರೋಹಿಣಿ ಉಪಗ್ರಹವನ್ನು ಯಶಸ್ವಿಯಾಗಿ ಕಕ್ಷೆಗೆ ಸೇರಿಸಿದಾಗ ಅವರು ಕಲಾಂ ಅವರನ್ನೇ ಪತ್ರಕರ್ತರ ಮುಂದೆ ನಿಲ್ಲಿಸಿದರು. ಸಾರ್ವಜನಿಕ ಸೇವೆಯಲ್ಲಿರುವವರು ಈ ಪ್ರಸಂಗವನ್ನು ಇಂದಿಗೂ ಸ್ಮರಿಸುತ್ತಾರೆ.

ದೂರಸಂವೇದಿ ಸೇವೆಯ ಆರಂಭ

ಉಪಗ್ರಹದಿಂದ ಭೂಮಿಯ ಚಿತ್ರ ತೆಗೆದು ಅಧ್ಯಯನ ಮಾಡುವ ವಿಧಾನಕ್ಕೆ ದೂರಸಂವೇದಿ ಎಂದು ಹೆಸರು. ಭಾರತದ ಮೊದಲ ಪ್ರಾಯೋಗಿಕ ದೂರಸಂವೇದಿ ಉಪಗ್ರಹವಾದ ಭಾಸ್ಕರ-1 1979ರ ಜೂನ್ 7ರಂದು ಉಡಾವಣೆಗೊಂಡಿತು. ಅದರ ಕ್ಯಾಮೆರಾಗಳಿಗೆ ಸುಮಾರು ಒಂದು ಕಿಲೋಮೀಟರಿಗಿಂತ ಚಿಕ್ಕದಾದ ಯಾವುದನ್ನೂ ಬೇರ್ಪಡಿಸಿ ತೋರಿಸಲು ಸಾಧ್ಯವಿರಲಿಲ್ಲ. ಆದರೂ ಜಲಸಂಪನ್ಮೂಲ, ಅರಣ್ಯ ಮತ್ತು ಭೂವಿಜ್ಞಾನ ಕ್ಷೇತ್ರಗಳಲ್ಲಿ ಅದರಿಂದ ದೊರೆತ ಅನುಭವ ಮುಖ್ಯವಾದುದು. 1981ರ ನವೆಂಬರ್ 20ರಂದು ಭಾಸ್ಕರ-2 ಕಕ್ಷೆ ಸೇರಿತು. ಧವನ್ ಅವರ ಅಧಿಕಾರಾವಧಿ ಮುಗಿದ ನಂತರ, 1988ರ ಮಾರ್ಚ್ 17ರಂದು ಉಡಾವಣೆಗೊಂಡ ಐಆರ್‌ಎಸ್-1ಎ ಉಪಗ್ರಹವು ಸುಮಾರು 36 ಮೀಟರ್ ಮತ್ತು 72 ಮೀಟರ್ ಸ್ಪಷ್ಟತೆಯ ಚಿತ್ರಗಳನ್ನು 22 ದಿನಗಳಿಗೊಮ್ಮೆ ನೀಡತೊಡಗಿತು. ಇದರ ಸಿದ್ಧತೆಗಳು ಅವರ ಕಾಲದಲ್ಲಿಯೇ ಆರಂಭವಾಗಿದ್ದವು.

ಉಪಗ್ರಹವನ್ನು ಹಾರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ, ನೀರಾವರಿ, ಕೃಷಿ, ಅರಣ್ಯ ಇಲಾಖೆಗಳ ಕೈಗೆ ಮಾಹಿತಿಯು ಸಕಾಲದಲ್ಲಿ ತಲುಪಬೇಕು ಎಂಬುದು ಧವನ್ ಅವರ ಆಡಳಿತದ ಮೂಲ ನೀತಿಯಾಗಿತ್ತು.

ಹಿಮ ಮತ್ತು ಹಿಮನದಿಗಳ ಅಧ್ಯಯನ

ಈ ನೀತಿಗೆ ಒಳ್ಳೆಯ ಉದಾಹರಣೆ ಹಿಮದ ಅಧ್ಯಯನ. ಸಟ್ಲೆಜ್ ನದಿಗೆ ಬೇಸಿಗೆಯಲ್ಲಿ ಬರುವ ನೀರಿನ ಬಹುಪಾಲು ಹಿಮ ಕರಗಿ ಬರುವಂಥದು. ಪರ್ವತವನ್ನೇರಿ ಹಿಮವನ್ನು ಅಳೆಯುವುದು ಕಷ್ಟ. 1980ರ ದಶಕದಲ್ಲಿ ರಾಷ್ಟ್ರೀಯ ದೂರಸಂವೇದಿ ಸಂಸ್ಥೆಯ ವಿಜ್ಞಾನಿಗಳು ಉಪಗ್ರಹ ಚಿತ್ರಗಳಲ್ಲಿ ಹಿಮ ಹೊದ್ದ ಪ್ರದೇಶದ ವಿಸ್ತಾರವನ್ನು ಅಳೆದು, ಭಾಕ್ರಾ ಜಲಾಶಯಕ್ಕೆ ಬೇಸಿಗೆಯಲ್ಲಿ ಹರಿದುಬರುವ ನೀರಿನ ಮುನ್ನಂದಾಜು ನೀಡತೊಡಗಿದರು.

ಚಿತ್ರದಲ್ಲಿ ಹಿಮವೂ ಮೋಡವೂ ಬೆಳ್ಳಗೆ ಕಾಣುತ್ತವೆ. ಆದರೆ ಕಣ್ಣಿಗೆ ಕಾಣದ ಹ್ರಸ್ವತರಂಗ ಅವಕೆಂಪು ಕಿರಣಗಳನ್ನು ಹಿಮವು ಬಹುಪಾಲು ಹೀರಿಕೊಳ್ಳುತ್ತದೆ, ಮೋಡವು ಪ್ರತಿಫಲಿಸುತ್ತದೆ. ಆ ಪಟ್ಟಿಯ ಚಿತ್ರದಲ್ಲಿ ಹಿಮ ಕಪ್ಪಾಗಿಯೂ ಮೋಡ ಬೆಳ್ಳಗೂ ಕಾಣುವುದರಿಂದ ಎರಡನ್ನೂ ಬೇರ್ಪಡಿಸಬಹುದು. 1995ರ ಐಆರ್‌ಎಸ್-1ಸಿ ಹಾಗೂ 2003ರ ರಿಸೋರ್ಸ್‌ಸ್ಯಾಟ್-1 ಉಪಗ್ರಹಗಳಲ್ಲಿ ಈ ಸೌಲಭ್ಯವಿತ್ತು.

ಹಿಮನದಿಗಳು ಹಿಂದೆ ಸರಿದಂತೆ ಅವುಗಳ ಬುಡದಲ್ಲಿ ಸರೋವರಗಳು ಹಿಗ್ಗುತ್ತವೆ. ಇಸ್ರೋ 2024ರಲ್ಲಿ ಪ್ರಕಟಿಸಿದ ಮಾಹಿತಿಯಂತೆ, ಹಿಮಾಲಯದ ನದಿ ಪಾತ್ರಗಳಲ್ಲಿ 2016-17ರಲ್ಲಿ ಗುರುತಿಸಲಾದ 10 ಹೆಕ್ಟೇರಿಗಿಂತ ದೊಡ್ಡದಾದ 2,431 ಸರೋವರಗಳ ಪೈಕಿ 676 ಸರೋವರಗಳು 1984ರಿಂದೀಚೆಗೆ ಗಮನಾರ್ಹವಾಗಿ ವಿಸ್ತರಿಸಿವೆ. ಇವುಗಳಲ್ಲಿ 130 ಭಾರತದಲ್ಲಿವೆ.

ಇಂತಹ ಅಪಾಯಕ್ಕೆ ಸಿಕ್ಕಿಂನ ದಕ್ಷಿಣ ಲೋನಕ್ ಸರೋವರ ಸಾಕ್ಷಿ. 2023ರ ಸೆಪ್ಟೆಂಬರ್ 28ರ ಉಪಗ್ರಹ ಚಿತ್ರದಲ್ಲಿ ಸುಮಾರು 167 ಹೆಕ್ಟೇರ್ ಇದ್ದ ಸರೋವರವು ಅಕ್ಟೋಬರ್ 4ರ ಚಿತ್ರದಲ್ಲಿ ಸುಮಾರು 60 ಹೆಕ್ಟೇರಿಗೆ ಇಳಿದಿತ್ತು. ಅಕ್ಟೋಬರ್ 3ರ ರಾತ್ರಿ ದಂಡೆ ಒಡೆದು ನುಗ್ಗಿದ ನೀರು ಚುಂಗ್‌ಥಾಂಗ್‌ನ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋಯಿತು. ಅನೇಕರು ಪ್ರಾಣ ಕಳೆದುಕೊಂಡರು. ಸರೋವರ ಅಪಾಯಕಾರಿಯೆಂದು ಅಧ್ಯಯನಗಳು ಹಲವು ವರ್ಷಗಳ ಹಿಂದೆಯೇ ಗುರುತಿಸಿದ್ದವು. ಆದರೆ ತಪ್ಪಲಿನ ಜನರಿಗೆ ಎಚ್ಚರಿಕೆ ನೀಡುವ ಪೂರ್ಣ ವ್ಯವಸ್ಥೆ ಸಿದ್ಧವಾಗಿರಲಿಲ್ಲ. ಚಿತ್ರವಿದ್ದರೆ ಸಾಲದು, ಅದು ಸಂಬಂಧಪಟ್ಟವರಿಗೆ ಸಕಾಲದಲ್ಲಿ ತಲುಪಬೇಕೆಂಬ ಧವನ್ ಅವರ ನೀತಿಯ ಮಹತ್ವ ಇಲ್ಲಿ ಮನದಟ್ಟಾಗುತ್ತದೆ.

ಭೂಕುಸಿತ ಮತ್ತು ಹೆಪ್ಪುಗಟ್ಟಿದ ನೆಲ

ಭೂಕುಸಿತವಾದೆಡೆ ಹಸಿರು ಅಳಿದು ಬರಿಯ ಮಣ್ಣು ಕಾಣುವುದರಿಂದ, ಮೊದಲಿನ ಮತ್ತು ನಂತರದ ಚಿತ್ರಗಳನ್ನು ಹೋಲಿಸಿ ಅದರ ವ್ಯಾಪ್ತಿಯನ್ನು ಗುರುತಿಸಲಾಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರವು 2023ರಲ್ಲಿ ಹೊರತಂದ ಭೂಕುಸಿತ ಭೂಪಟವು 1998ರಿಂದ 2022ರವರೆಗಿನ ಸುಮಾರು 80,000 ಭೂಕುಸಿತಗಳನ್ನು ದಾಖಲಿಸಿದೆ. ಕರ್ನಾಟಕದಲ್ಲಿ 2018ರ ಆಗಸ್ಟ್‌ನ ಕೊಡಗಿನ ದುರಂತ, 2024ರ ಜುಲೈ 16ರ ಅಂಕೋಲಾ ತಾಲ್ಲೂಕಿನ ಶಿರೂರು ದುರಂತಗಳು ಜನರ ನೆನಪಿನಲ್ಲಿವೆ. ಮಳೆಗಾಲದ ಮೋಡಗಳು ಸಾಮಾನ್ಯ ಕ್ಯಾಮೆರಾಕ್ಕೆ ಅಡ್ಡಿಯಾದಾಗ, ಮೋಡವನ್ನೂ ಕತ್ತಲೆಯನ್ನೂ ದಾಟಿ ನೋಡಬಲ್ಲ ರೇಡಾರ್ ಉಪಗ್ರಹಗಳು ನೆರವಾಗುತ್ತವೆ.

ಸತತ ಎರಡು ವರ್ಷ ಅಥವಾ ಹೆಚ್ಚು ಕಾಲ ಶೂನ್ಯ ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೇರದೆ ಹೆಪ್ಪುಗಟ್ಟಿರುವ ನೆಲವನ್ನು ಪರ್ಮಾಫ್ರಾಸ್ಟ್ ಎನ್ನುತ್ತಾರೆ. ಲಡಾಖ್‌ನಂತಹ ಎತ್ತರದ ಪ್ರದೇಶಗಳಲ್ಲಿ ಇದಿದೆ. ನೆಲದೊಳಗಿನ ಈ ಹೆಪ್ಪನ್ನು ಉಪಗ್ರಹವು ನೇರವಾಗಿ ಕಾಣಲಾರದು. ಆದರೆ ಹೆಪ್ಪು ಕರಗಿದಾಗ ನೆಲವು ಕುಸಿಯುವುದನ್ನು, ಬೇರೆ ಬೇರೆ ದಿನಗಳ ರೇಡಾರ್ ಅಳತೆಗಳನ್ನು ಹೋಲಿಸಿ ಸೆಂಟಿಮೀಟರ್ ಮಟ್ಟದಲ್ಲಿ ತಿಳಿಯಬಹುದು.

ನಮ್ಮ ಭಾಗಕ್ಕೆ ಇದರ ಪ್ರಯೋಜನ

ಹಟ್ಟಿ, ಲಿಂಗಸುಗೂರು, ಮಸ್ಕಿ, ಸಿಂಧನೂರು ಭಾಗದಲ್ಲಿ ಹಿಮವಿಲ್ಲ. ಇಲ್ಲಿಗೆ ನೀರುಣಿಸುವ ಕೃಷ್ಣಾ, ತುಂಗಭದ್ರಾ ನದಿಗಳು ಮಳೆಯನ್ನೇ ನಂಬಿವೆ. ಆದರೆ ಹಿಮವನ್ನು ಅಳೆಯುವ ವಿಧಾನವೇ ಇಲ್ಲಿನ ಬೆಳೆಯನ್ನೂ ಜಲಾಶಯದ ನೀರಿನ ಹರಹನ್ನೂ ಅಳೆಯುತ್ತದೆ. ಕೇಂದ್ರ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿಯು ಮಳೆ ಕೊರತೆಯ ಜೊತೆಗೆ ಬಿತ್ತನೆ ಪ್ರದೇಶ, ಮಣ್ಣಿನ ತೇವಾಂಶ ಹಾಗೂ ಉಪಗ್ರಹ ಆಧಾರಿತ ಸಸ್ಯ ಸೂಚ್ಯಂಕಗಳನ್ನು ಪರಿಗಣಿಸಲು, ಆನಂತರ ಸ್ಥಳ ಪರಿಶೀಲನೆ ನಡೆಸಲು ಸೂಚಿಸಿದೆ. ಆದುದರಿಂದ ಉಪಗ್ರಹ ಚಿತ್ರವು ಸ್ಥಳ ಪರಿಶೀಲನೆಗೆ ಪೂರಕವೇ ಹೊರತು ಪರ್ಯಾಯವಲ್ಲ. ಹಾನಿಗೊಳಗಾದವರು ತಮ್ಮ ಅರ್ಜಿಯನ್ನು ದಾಖಲೆಗಳೊಡನೆ ಸಕಾಲದಲ್ಲಿ ಸಲ್ಲಿಸುವುದು ಅಗತ್ಯ.

ಕೊನೆಯ ವರ್ಷಗಳು ಮತ್ತು ಗೌರವ

ಧವನ್ ಅವರಿಗೆ 1971ರಲ್ಲಿ ಪದ್ಮಭೂಷಣ, 1981ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಸಂದವು. ಪಕ್ಷಿಗಳ ಹಾರಾಟದ ಕುರಿತು ಆಸಕ್ತಿಯಿಂದ ಅಧ್ಯಯನ ನಡೆಸಿ ಪುಸ್ತಕವೊಂದನ್ನು ಬರೆದರು. 2002ರ ಜನವರಿ 3ರಂದು ಬೆಂಗಳೂರಿನಲ್ಲಿ ನಿಧನರಾದರು. ಅದೇ ವರ್ಷ ಶ್ರೀಹರಿಕೋಟಾದ ಉಡಾವಣಾ ಕೇಂದ್ರಕ್ಕೆ ಅವರ ಹೆಸರನ್ನು ಇಡಲಾಯಿತು.

2025ರ ಜುಲೈ 30ರಂದು ಸತೀಶ್ ಧವನ್ ಬಾಹ್ಯಾಕಾಶ ಕೇಂದ್ರದಿಂದ, ಇಸ್ರೋ ಮತ್ತು ಅಮೆರಿಕದ ನಾಸಾ ಜಂಟಿಯಾಗಿ ನಿರ್ಮಿಸಿದ ನಿಸಾರ್ ರೇಡಾರ್ ಉಪಗ್ರಹವು ಉಡಾವಣೆಗೊಂಡಿತು. ಪ್ರತಿ 12 ದಿನಗಳಿಗೊಮ್ಮೆ ಅದೇ ಸ್ಥಳದ ಮೇಲೆ ಹಾದು ಹೋಗುವಂತೆ ರೂಪಿಸಲಾದ ಈ ಉಪಗ್ರಹದ ಉದ್ದೇಶಗಳಲ್ಲಿ ಹಿಮನದಿ, ಭೂಕುಸಿತ, ಹೆಪ್ಪುಗಟ್ಟಿದ ನೆಲ ಹಾಗೂ ಕೃಷಿಭೂಮಿಯ ಅಧ್ಯಯನಗಳು ಸೇರಿವೆ. ಕಿಲೋಮೀಟರ್ ಅಳತೆಯ ಮಸುಕು ಚಿತ್ರದಿಂದ ಆರಂಭವಾದ ಸೇವೆಯು ನೆಲದ ಸೆಂಟಿಮೀಟರ್ ಮಟ್ಟದ ಚಲನೆಯನ್ನು ಅರಿಯುವ ಹಂತಕ್ಕೆ ಬಂದಿದೆ. ಆ ಮಾಹಿತಿಯನ್ನು ಅಗತ್ಯವಿರುವ ಪ್ರತಿಯೊಬ್ಬ ನಾಗರಿಕನಿಗೂ ತಲುಪಿಸುವುದು ಪ್ರೊ. ಧವನ್ ಅವರು ಸಾರ್ವಜನಿಕ ಸೇವೆಗೆ ಬಿಟ್ಟುಹೋದ ಹೊಣೆಯಾಗಿದೆ.