ಹಕ್ಕಲಾಯ್ದ ಸೊಸೆ ರೂತಳು

ಬೆತ್ಲೆಹೇಮ್ ಎಂಬ ಹೆಸರಿಗೆ ಹೀಬ್ರೂ ಭಾಷೆಯಲ್ಲಿ ರೊಟ್ಟಿಯ ಮನೆ ಎಂದರ್ಥ. ನ್ಯಾಯಸ್ಥಾಪಕರು ಇಸ್ರಯೇಲರನ್ನು ಆಳುತ್ತಿದ್ದ ಕಾಲದಲ್ಲಿ ಆ ರೊಟ್ಟಿಯ ಮನೆಯಲ್ಲೇ ರೊಟ್ಟಿಯಿಲ್ಲದೆ ಹೋಯಿತು. ಕ್ಷಾಮಕ್ಕೆ ಅಂಜಿದ ಎಲಿಮೆಲೆಕನು ಹೆಂಡತಿ ನವೊಮಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ಕರೆದುಕೊಂಡು ಮೃತ ಸಮುದ್ರದ ಪೂರ್ವಕ್ಕಿರುವ ಮೋವಾಬ್ ನಾಡಿಗೆ ವಲಸೆ ಹೋದನು. ಅಲ್ಲಿಯೇ ತೀರಿಕೊಂಡನು. ಮಕ್ಕಳು ಮೋವಾಬಿನ ಕನ್ಯೆಯರನ್ನು ವರಿಸಿದರು. ಸುಮಾರು 10 ವರ್ಷಗಳ ಬಳಿಕ ಅವರೂ ಸಂತಾನವಿಲ್ಲದೆ ಸತ್ತರು. ಒಂದೇ ಸೂರಿನಡಿ ಮೂವರು ವಿಧವೆಯರು ಉಳಿದರು. ಅವರಲ್ಲೊಬ್ಬಳು ರೂತಳು.

ತಾಯ್ನಾಡಿನಲ್ಲಿ ಮತ್ತೆ ಬೆಳೆಯಾಗಿದೆಯೆಂಬ ಸುದ್ದಿ ಕೇಳಿ ನವೊಮಿ ಊರಿಗೆ ಹೊರಟಳು. ದಾರಿಯಲ್ಲಿ ಸೊಸೆಯರಿಗೆ ತವರಿಗೆ ಮರಳಲು ಹೇಳಿದಳು. ಒರ್ಪಾ ಅತ್ತು, ಅತ್ತೆಗೆ ಮುತ್ತಿಟ್ಟು ಹಿಂದಿರುಗಿದಳು. ಶ್ರೀಗ್ರಂಥ ಆಕೆಯ ಮೇಲೆ ಯಾವ ತಪ್ಪನ್ನೂ ಹೊರಿಸುವುದಿಲ್ಲ. ರೂತಳು ಮಾತ್ರ ಅತ್ತೆಯನ್ನು ಬಿಡಲೊಪ್ಪಲಿಲ್ಲ. ಆಗ ಆಕೆ ಆಡಿದ ನಿಷ್ಠೆಯ ಮಾತುಗಳನ್ನು ಗಂಡನಿಗೆ ಹೇಳಿದವೆಂದು ತಿಳಿದು ವಿವಾಹದ ಆಮಂತ್ರಣಗಳಲ್ಲಿ ಅಚ್ಚು ಹಾಕಿಸುವವರುಂಟು. ಅವು ಅತ್ತೆಗೆ ಹೇಳಿದ ಮಾತುಗಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆಯ ನಾಡಿನವರಾದ ನಮಗೆ ಇದನ್ನು ನಂಬುವುದು ತುಸು ಕಷ್ಟವೇ. ಮೋವಾಬ್ಯರನ್ನು ದೇವಜನರ ಸಭೆಗೆ ಸೇರಿಸಬಾರದೆಂಬ ವಿಧಿ ಧರ್ಮೋಪದೇಶಕಾಂಡದಲ್ಲಿತ್ತು. ಅಂತಹ ಜನರ ನಡುವೆ, ಆಸ್ತಿಯಿಲ್ಲದ ಮುದುಕಿಯೊಬ್ಬಳನ್ನು ನಂಬಿ ಆಕೆ ಕಾಲಿಟ್ಟಳು.

ಬೆತ್ಲೆಹೇಮಿನಲ್ಲಿ ಊರ ಹೆಂಗಸರು ಗುರುತು ಹಿಡಿದಾಗ ನವೊಮಿ ತನ್ನನ್ನು ಇನ್ನು ಕಹಿ ಎಂಬರ್ಥದ ಮಾರಾ ಎಂಬ ಹೆಸರಿನಿಂದಲೇ ಕರೆಯಬೇಕೆಂದಳು. ದೇವರೇ ತನ್ನನ್ನು ಬರಿಗೈ ಮಾಡಿದರೆಂದು ಬಹಿರಂಗವಾಗಿ ದೂರಿದಳು. ಶ್ರೀಗ್ರಂಥ ಅವಳನ್ನು ಗದರಿಸುವುದಿಲ್ಲ. ಸಾವಿನ ಮನೆಯಲ್ಲಿ ಎಲ್ಲವೂ ದೈವಚಿತ್ತವೆಂದು ಅವಸರದಿಂದ ಹೇಳಿ ವಿಧವೆಯ ಬಾಯಿ ಮುಚ್ಚಿಸುವ ನಾವು, ಗುರುಗಳನ್ನೂ ಸೇರಿಸಿಯೇ ಹೇಳುತ್ತೇನೆ, ಈ ಅಧ್ಯಾಯವನ್ನು ಮತ್ತೊಮ್ಮೆ ಓದಬೇಕು. ಬರಿಗೈಯೆಂದು ಅವಳು ಹೇಳುವಾಗ ಪಕ್ಕದಲ್ಲೇ ರೂತಳು ನಿಂತಿದ್ದಳು. ದುಃಖದಲ್ಲಿರುವವರಿಗೆ ದೇವರ ಕೊಡುಗೆ ಕಣ್ಣೆದುರಿಗಿದ್ದೂ ಕಾಣದಿರುವುದು ಪಾಪವಲ್ಲ.

ಅದು ಜವೆಗೋಧಿಯ ಕೊಯ್ಲಿನ ಕಾಲ. ಹೊಲದ ಅಂಚನ್ನು ಪೂರ್ತಿ ಕೊಯ್ಯಬಾರದು, ಬಿದ್ದ ತೆನೆಗಳನ್ನು ಮರಳಿ ಆಯಬಾರದು, ಅವು ಬಡವರಿಗೂ ಪರದೇಶಿಗಳಿಗೂ ಸೇರಿದವು ಎಂದು ಯಾಜಕಕಾಂಡ ವಿಧಿಸಿತ್ತು. ಇದು ಭಿಕ್ಷೆಯಲ್ಲ, ಹಕ್ಕು. ಆದರೂ ಅನ್ನ ಮಡಿಲಿಗೆ ಬಂದು ಬೀಳುತ್ತಿರಲಿಲ್ಲ. ಬಿಸಿಲಲ್ಲಿ ಬಗ್ಗಿ ಹಕ್ಕಲಾಯಬೇಕಿತ್ತು. ರೂತಳು ಹೋದ ಹೊಲ ಆಕಸ್ಮಿಕವಾಗಿ ಎಲಿಮೆಲೆಕನ ಬಂಧು ಬೋವಜನದಾಗಿತ್ತು. ಆಕೆಯ ವೃತ್ತಾಂತವನ್ನು ಅವನು ಮೊದಲೇ ಕೇಳಿದ್ದನು. ಆಕೆಯನ್ನು ಮುಟ್ಟಬಾರದೆಂದು ಆಳುಗಳಿಗೆ ಕಟ್ಟಪ್ಪಣೆ ಮಾಡಿದನು. ಒಂಟಿ ಹೆಣ್ಣಿಗೆ ಅಂದಿನ ಹೊಲಗಳೂ ಸುರಕ್ಷಿತವಾಗಿರಲಿಲ್ಲವೆಂದು ಇದರಿಂದ ತಿಳಿಯುತ್ತದೆ. ಊಟದ ಹೊತ್ತಿಗೆ ಕರೆದು ಹುರಿದ ಕಾಳನ್ನು ಕೊಟ್ಟನು. ಸಿವುಡುಗಳಿಂದ ಬೇಕೆಂದೇ ತೆನೆಗಳನ್ನು ಬೀಳಿಸಿರೆಂದು ಆಳುಗಳಿಗೆ ಹೇಳಿದನು. ಆಕೆಯ ದುಡಿಮೆಯ ಮಾನ ಕೆಡದಂತೆ ಕೊಡುವ ಬಗೆ ಅವನಿಗೆ ಗೊತ್ತಿತ್ತು. ಸಂಜೆ ಬಡಿದು ನೋಡಿದಾಗ ಸುಮಾರು ಒಂದು ಏಫಾ, ಎಂದರೆ 20 ಲೀಟರಿಗೂ ಮಿಕ್ಕ ಜವೆಗೋಧಿ ದೊರೆಯಿತು. ತಾನುಂಡು ಉಳಿಸಿದ್ದ ಹುರಿಗಾಳನ್ನೂ ರೂತಳು ಅತ್ತೆಗೆ ತಂದುಕೊಟ್ಟಳು.

ಈ ಪುಟ್ಟ ಗ್ರಂಥದ 4 ಅಧ್ಯಾಯಗಳಲ್ಲಿ ದೇವದೂತನಿಲ್ಲ, ಕನಸಿಲ್ಲ, ಅದ್ಭುತವಿಲ್ಲ. ದೇವರು ಸೃಷ್ಟಿಯ ಕಾರಣಗಳ ಮೂಲಕವೇ ಜಗತ್ತನ್ನು ನಡೆಸುತ್ತಾರೆಂದು 13ನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ವಿವರಿಸಿದರು. ಗುರುಮಠದಲ್ಲಿ ಅದನ್ನು ತರ್ಕವಾಗಿ ಓದಿದ್ದೆ. ಅರ್ಥವಾದದ್ದು ಬೋವಜನ ಹೊಲದಲ್ಲಿ. ಒಂದು ಕಾಯಿದೆ, ಒಬ್ಬ ಸಜ್ಜನ, ಬೆನ್ನು ಬಗ್ಗಿಸಿದ ಒಬ್ಬ ಹೆಣ್ಣು: ದೇವರ ಪರಿಪಾಲನೆ ಇವುಗಳೊಳಗೇ ಸಾಗಿತು. ಅಂಚನ್ನೂ ಬಿಡದೆ ಕೊಯ್ದುಕೊಳ್ಳುವ ಒಡೆಯನಿದ್ದಿದ್ದರೆ ಆ ಸಂಜೆ ಆ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ.

ಮುಂದಿನದು ತಿಳಿದ ಕಥೆ. ನವೊಮಿಯ ಸಲಹೆಯಂತೆ ರೂತಳು ರಾತ್ರಿ ಕಣಕ್ಕೆ ಹೋಗಿ ಬೋವಜನ ಆಶ್ರಯ ಬೇಡಿದಳು. ಅವನಿಗಿಂತ ಹತ್ತಿರದ ಬಂಧುವೊಬ್ಬನಿದ್ದನು. ಊರ ಬಾಗಿಲಲ್ಲಿ 10 ಮಂದಿ ಹಿರಿಯರ ಎದುರು ಆತ ಹೊಲವನ್ನು ಕೊಳ್ಳಲು ಮೊದಲು ಒಪ್ಪಿ, ರೂತಳನ್ನೂ ಸ್ವೀಕರಿಸಬೇಕೆಂದು ತಿಳಿದೊಡನೆ ಹಿಂಜರಿದನು; ಅಂದಿನ ರೂಢಿಯಂತೆ ಕೆರ ಕಳಚಿಕೊಟ್ಟು ಹಕ್ಕು ಬಿಟ್ಟನು. ಶ್ರೀಗ್ರಂಥ ಆತನ ಹೆಸರನ್ನೂ ಉಳಿಸಿಲ್ಲ.

ಬೋವಜನಿಗೂ ರೂತಳಿಗೂ ಹುಟ್ಟಿದ ಮಗುವಿಗೆ ನೆರೆಯ ಹೆಂಗಸರು ಓಬೇದನೆಂದು ಹೆಸರಿಟ್ಟರು. ಏಳು ಗಂಡುಮಕ್ಕಳಿಗಿಂತ ಈ ಸೊಸೆಯೇ ಮಿಗಿಲೆಂದು ನವೊಮಿಗೆ ಹೇಳಿದರು. ಓಬೇದನ ಮೊಮ್ಮಗ ಅರಸ ದಾವೀದ. ಸಂತ ಮತ್ತಾಯರು ಯೇಸುಸ್ವಾಮಿಯ ವಂಶಾವಳಿಯನ್ನು ಬರೆಯುವಾಗ ಈ ಪರದೇಶಿ ಹೆಣ್ಣಿನ ಹೆಸರನ್ನೂ ಸೇರಿಸಿದರು. ಕೊನೆಯ ಅಧ್ಯಾಯದಲ್ಲಿ ರೂತಳ ಒಂದು ಮಾತೂ ಇಲ್ಲ. ಕಥೆ ಮುಗಿಯುವಾಗ ಮಗು ಇರುವುದು ನವೊಮಿಯ ಮಡಿಲಲ್ಲಿ.